ಶರ್ಮಿಳಾ ಬ್ರೇಕ್ ರಿಪೇರಿಯ ಪುಸ್ತಕ ಕೊಂಡದ್ದು

ಆ 'ಡಬ್' ಎಂಬ ಶಬ್ದ ಶರ್ಮಿಳಾಳ ತಲೆಯಿಂದ ಇಳಿಯಲೇ ಇಲ್ಲ. ಗಂಡ ಲಕ್ಷಿತ್ ಬ್ರೇಕ್ ಒತ್ತಿದಾಗಲೆಲ್ಲ ಮಿನಿ ಲಾರಿಯ ಎಲ್ಲಿಂದಲೋ ಡಬ್! ಮಲ್ಪೆಯಲ್ಲಿ ಮೀನು ತುಂಬಿಸಿಕೊಂಡು ದಿನಾ ಕಾರ್ಕಳಕ್ಕೆ ಓಡುವ ಗಾಡಿ ಅದು. ಹಿರಿಯಡ್ಕದ ತಿರುವಿನಲ್ಲಿ ಎದುರಿಗೆ ಎಕ್ಸ್‌ಪ್ರೆಸ್ ಬಸ್ಸು, ಇತ್ತ ಡಬ್... ಮುಂದಿನದನ್ನು ನೆನೆದರೆ ಕಾಪುವಿನ ಅಡುಗೆಮನೆಯಲ್ಲಿ ನಿಂತವಳಿಗೆ ಬೆವರು. ಮಗಳು ತನ್ವಿ ಇನ್ನೂ ತೊದಲುವ ಕೂಸು!

"ಆಂಟನಿಯ ಗ್ಯಾರೇಜಿಗೆ ಕೊಂಡುಹೋಗಿದ್ದೆ ಮಾರಾಯ್ತಿ," ಎಂದ ಲಕ್ಷಿತ್. "ಒಂದು ಸುತ್ತು ಓಡಿಸಿ ನೋಡಿದ. ಎಂತದೂ ಇಲ್ಲ ಅಂದ."

"ಮತ್ತೆ ಶಬ್ದ?"

"ಅದು ಅಕ್ಕನ ಕಿವಿಯಲ್ಲಿ ಉಂಟು ಅಂದ."

ಕಿವಿಯಲ್ಲಿ! ಮೈಸೂರಿನ ಕಾನ್ವೆಂಟಿನಲ್ಲಿ ಪಾಠ ಕೇಳಿದ ಕಿವಿಗೆ ಇಂಥ ಅವಮಾನ!

"ರೀ, ಇನ್ನು ಆ ಗ್ಯಾರೇಜಿನ ಹೊಸ್ತಿಲು ತುಳಿಯುವುದು ಬೇಡ. ನಾನು ಪುಸ್ತಕ ತರುತ್ತೇನೆ, ನಾವೇ ರಿಪೇರಿ ಮಾಡೋಣ. ಅಕ್ಷರ ಬಲ್ಲವರಿಗೆ ಬ್ರೇಕ್ ಯಾವ ಲೆಕ್ಕ?"

ಪುಸ್ತಕ ಆರಿಸುವುದೆಂದರೆ ಅವಳಿಗೆ ವರ ಹುಡುಕಿದಷ್ಟು ಗಂಭೀರ. ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ಕನ್ನಡ ಪುಸ್ತಕ ಬಹಳ ತೆಳು. 'ಬ್ರೇಕ್ ಅತಿ ಮುಖ್ಯ' ಎನ್ನುವಷ್ಟರಲ್ಲಿ ಬ್ರೇಕಿನ ಅಧ್ಯಾಯವೇ ಮುಗಿದಿತ್ತು. ಮಣಿಪಾಲದ ಅಂಗಡಿಯಲ್ಲಿ ಎಂಜಿನಿಯರಿಂಗ್ ಮಕ್ಕಳ ಪುಸ್ತಕ ತೆರೆದರೆ ಬರೀ ಸೂತ್ರಗಳು. ಪಕ್ಕದಲ್ಲೇ ಇತ್ತು ಮೂರನೆಯದು. ಪುಟಪುಟಕ್ಕೂ ಕೆಂಪು ಚೌಕದಲ್ಲಿ 'ಎಚ್ಚರಿಕೆ!' ಜಾಕ್ ಜಾರೀತು, ಎಚ್ಚರಿಕೆ! ಕಣ್ಣಿಗೆ ಧೂಳು ಬಿದ್ದೀತು, ಎಚ್ಚರಿಕೆ! ಮಕ್ಕಳು ಹತ್ತಿರ ಬಂದಾರು, ಎಚ್ಚರಿಕೆ! ಶರ್ಮಿಳಾಳ ಕಣ್ಣು ತುಂಬಿ ಬಂತು. ಪ್ರಪಂಚದಲ್ಲಿ ತನ್ನಷ್ಟೇ ಹೆದರುವ ಜೀವವೊಂದಿದೆ, ಅದು ಪುಸ್ತಕವನ್ನೂ ಬರೆದಿದೆ! ಅದರಲ್ಲಿ ರಿಪೇರಿ ಎಲ್ಲಿದೆ ಎಂದು ನೋಡುವ ಮೊದಲೇ ಅದು ಅವಳ ಚೀಲ ಸೇರಿತು.

ಸೋಮವಾರ ಮೀನು ತಿನ್ನುವವರು ಕಡಿಮೆ, ಲಕ್ಷಿತನಿಗೆ ರಜೆ. ಶಬ್ದ ಯಾವ ಚಕ್ರದ್ದೆಂದು ಗೊತ್ತಾಗದೆ ನಾಲ್ಕನ್ನೂ ಕಳಚಿದರು. ಲಾರಿ ಕೆಂಪುಕಲ್ಲುಗಳ ಮೇಲೆ ದೇವರಂತೆ ಪ್ರತಿಷ್ಠಾಪನೆಗೊಂಡಿತು. ಶರ್ಮಿಳಾ ಓದುವುದು, ಲಕ್ಷಿತ್ ಬಿಚ್ಚುವುದು.

"ಮುಂದೆ ಎಂತ ಬರೆದಿದ್ದಾನೆ?"

"ಎಚ್ಚರಿಕೆ ಅಂತ."

"ಎಂತದಕ್ಕೆ?"

"ಸ್ಪ್ರಿಂಗ್ ಹಾರಬಹುದಂತೆ."

"ಯಾವಾಗ?"

ಟಣ್! ಸ್ಪ್ರಿಂಗ್ ಇಬ್ಬರ ತಲೆಯನ್ನೂ ದಾಟಿ, ಅತ್ತೆ ಒಣಗಲು ಹಾಕಿದ್ದ ನಂಗು ಮೀನಿನ ರಾಶಿಯಲ್ಲಿ ಮಾಯವಾಯಿತು.

"ನಾಳೆ ಸಾರಿನಲ್ಲಿ ಸಿಕ್ಕಿದರೆ ತೆಗೆದಿಡ್ತೇನೆ," ಎಂದರು ಅತ್ತೆ, ತನ್ವಿಯನ್ನು ಸೊಂಟಕ್ಕೇರಿಸಿಕೊಂಡು.

ಸಂಜೆಯ ಹೊತ್ತಿಗೆ ಅಂಗಳದ ತುಂಬ ಬ್ರೇಕು. ದೋಷ ಮಾತ್ರ ಎಲ್ಲೂ ಇಲ್ಲ. ಗಾಡಿಯ ದೇವರ ಪಟಕ್ಕೆ ಊದುಬತ್ತಿ ತೋರಿಸಲೆಂದು ಕ್ಯಾಬಿನ್ನಿನ ಬಾಗಿಲು ತೆರೆದ ಅತ್ತೆ, ಒಳಗೆ ಬಗ್ಗಿ, "ಇದೆಂತ ಮಗಾ, ಸೀಟಿನ ಅಡಿಯಲ್ಲಿ ತೆಂಗಿನಕಾಯಿ?" ಎಂದರು.

ಶರ್ಮಿಳಾ ಓಡಿ ಬಂದು ಇಣುಕಿದಳು. ಗಂಡನಿಗೆ ಆಪತ್ತು ಬಾರದಿರಲೆಂದು ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ಕೆಂಪು ಬಟ್ಟೆಯಲ್ಲಿ ಕಟ್ಟಿ, ಸೀಟಿನ ಹಿಂದೆ ಅವಳೇ ಸಿಕ್ಕಿಸಿದ್ದ ಕಾಯಿ! ಗಂಟು ಯಾವಾಗಲೋ ಬಿಚ್ಚಿಹೋಗಿತ್ತು. ಲಕ್ಷಿತ್ ಅದನ್ನು ಮೆಲ್ಲಗೆ ಉರುಳಿಸಿದ.

ಡಬ್.



"ಆಯ್ತು, ಜೋಡಿಸುವ ಪುಟ ಓದು," ಎಂದ ಲಕ್ಷಿತ್. "ನಸುಕಿಗೆ ನಾನು ಮಲ್ಪೆಯಲ್ಲಿ ಇರಬೇಕು. ಇಲ್ಲದಿದ್ದರೆ ಕಾರ್ಕಳದ ಗಿರಾಕಿಗಳು ಬೇರೆಯವರ ಪಾಲು."

ಅವಳು ಪುಟ ತಿರುವಿದಳು. ಒಂದೇ ಸಾಲು: 'ಬಿಚ್ಚಿದ್ದನ್ನು ಹಿಮ್ಮುಖ ಕ್ರಮದಲ್ಲಿ ಜೋಡಿಸಿರಿ.' ಇಷ್ಟು ದೊಡ್ಡ ಅಪಾಯಕ್ಕೆ ಒಂದು ಕೆಂಪು ಚೌಕವೂ ಇಲ್ಲ!

ಶರ್ಮಿಳಾ ಫೋನ್ ಎತ್ತಿದಳು.

"ಆಂಟನಿಯಣ್ಣಾ..."

"ಹೇಳಿ ಅಕ್ಕ. ಸೌಂಡ್ ಇನ್ನೂ ಉಂಟಾ?"

"ಇಲ್ಲ ಅಣ್ಣ. ಸೌಂಡ್ ಪೂರಾ ಹೋಯಿತು."

"ನಾನು ಹೇಳಲಿಲ್ವಾ! ಇರಲಿ, ಸಮಾಧಾನಕ್ಕೆ ಒಮ್ಮೆ ಗಾಡಿ ತನ್ನಿ, ನೋಡುವ."

"ತರ್ತೇವೆ ಅಣ್ಣ," ಎಂದಳು ಶರ್ಮಿಳಾ, ಅಂಗಳವನ್ನೊಮ್ಮೆ ನೋಡಿ. "ಎಷ್ಟು ಚೀಲದಲ್ಲಿ ಹಿಡಿಸ್ತದೆ ಅಂತ ಮಾತ್ರ ಗೊತ್ತಾಗ್ತಾ ಇಲ್ಲ."