ಹನ್ನೆರಡು ಸಣಕಲು ಮಕ್ಕಳು ಬೇಕಾಗಿದ್ದಾರೆ

ಕಚೇರಿಯ ಕಾಗದ ಬೆಳಿಗ್ಗೆ ಎಂಟೂವರೆಗೆ ಬಂತು. ಹಿಂದಿನ ದಿನವೇ ಬಂದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ಆದರೆ ಕಚೇರಿಯ ಕಾಗದ ಬೇಕಾದ ದಿನ ಬಂದದ್ದನ್ನು ಕಂಡವರು ಯಾರಿದ್ದಾರೆ? ಶಿಶುಕೇಂದ್ರದ ಟೀಚರ್ ಅದನ್ನು ಒಮ್ಮೆ ಓದಿದರು. ಅರ್ಥವಾಗಲಿಲ್ಲ. ಇನ್ನೊಮ್ಮೆ ಓದಿದರು. ಅರ್ಥವಾಯಿತು, ಮೈಯೆಲ್ಲ ಉರಿಯಿತು.

"ಅಕ್ಕಾ, ಒಂದ್ನಿಮಿಷ ಬನ್ನಿ ಇಲ್ಲಿ!"

ಅಡುಗೆಯಕ್ಕ ಸೌಟು ಹಿಡಿದುಕೊಂಡೇ ಬಂದಳು. "ಏನಂತೆ?"

"ಹನ್ನೆರಡಕ್ಕಿಂತ ಕಮ್ಮಿ ಸಣಕಲು ಮಕ್ಕಳಿರೋ ಕೇಂದ್ರಕ್ಕೆ ಇನ್ಮೇಲೆ ಮೊಟ್ಟೆ ಇಲ್ವಂತೆ. ಇವತ್ತು ಮಧ್ಯಾಹ್ನ ಮೂರಕ್ಕೆ ಸಾಹೇಬರೇ ಬಂದು ತೂಕ ನೋಡ್ತಾರಂತೆ."

"ನಮ್ಮಲ್ಲಿ ಎಷ್ಟಿವೆ?"

"ನಾಲ್ಕು."

"ಹೋದ ವರ್ಷ ಹನ್ನೆರಡಿತ್ತಲ್ಲ?"

"ಮೊಟ್ಟೆ ತಿಂದ್ವಲ್ಲ ಅಕ್ಕಾ, ಚೇತರಿಸಿಕೊಂಡ್ವು!"

"ಹಾಗಾದ್ರೆ ಮೊಟ್ಟೆಯಿಂದ ಒಳ್ಳೇದೇ ಆಯ್ತು ಅನ್ನಿ."

"ಅದಕ್ಕೇ ನಿಲ್ಲಿಸ್ತಾರಂತೆ."

ಅಡುಗೆಯಕ್ಕ ಸೌಟನ್ನು ಕಾಗದದ ಕಡೆ ತೋರಿಸಿದಳು. "ಜ್ವರ ಇಳಿದ್ಮೇಲೆ ಮಾತ್ರೆ ನಿಲ್ಲಿಸ್ತಾರೆ, ಸರಿ. ಊಟಾನೂ ಹಾಗೇ ಅಂದ್ಕೊಂಡಿದಾರಾ ಇವರು?" ಎಂದಳು.

ಟೀಚರ್ ಹಾಜರಿ ಪುಸ್ತಕ ತೆಗೆದು ಆ ನಾಲ್ಕು ಹೆಸರು ನೋಡಿದರು. ಆ ನಾಲ್ವರಲ್ಲಿ ಒಬ್ಬಳು ಗುಬ್ಬಚ್ಚಿ. ಹೆಸರು ಬೇರೆ ಏನೋ ಇತ್ತು, ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅದನ್ನು ಯಾರೂ ಬಳಸುತ್ತಿರಲಿಲ್ಲ. ಹೋದ ವರ್ಷ ಕೇಂದ್ರದ ಎರಡು ಮೆಟ್ಟಿಲು ಹತ್ತಲಾರದೆ ಕೆಳಗೇ ಕೂತುಬಿಡುತ್ತಿದ್ದ ಹುಡುಗಿ ಈಗ ಅದೇ ಮೆಟ್ಟಿಲಿಂದ ಜಿಗಿಯುತ್ತಿದ್ದಳು. ವಾರಕ್ಕೆ ಮೂರು ಮೊಟ್ಟೆ, ಅಷ್ಟೇ. ಅವಳ ತಾಯಿ ಬಟ್ಟೆ ಒಗೆಯುವ ಕಾರ್ಖಾನೆಗೆ ನಸುಕಿನಲ್ಲೇ ಹೋಗುವವಳು. ಮನೆಯಲ್ಲಿ ಬೆಳಗಿನ ತಿಂಡಿ ಎಂದರೆ ಅರ್ಧ ಲೋಟ ಚಹಾ. ಮೊಟ್ಟೆ ನಿಂತರೆ ಗುಬ್ಬಚ್ಚಿಯ ಜಿಗಿತವೂ ನಿಂತಂತೆ.

ಉಪಾಯವೇನೂ ಇಲ್ಲದಿರಲಿಲ್ಲ. ತೂಕದ ಪಟ್ಟಿಯಲ್ಲಿ ಸಣಕಲೆಂದು ಗುರುತಿಸುವ ಕೆಂಪು ಗೆರೆಯಿಂದ ಕೂದಲೆಳೆಯಷ್ಟು ಮೇಲಿದ್ದ ಮಕ್ಕಳು ಎಂಟು. ಖಾಲಿ ಹೊಟ್ಟೆಯಲ್ಲಿ, ಬರೀ ಬನಿಯನ್ನಿನಲ್ಲಿ ತೂಗಿದರೆ ಎಂಟೂ ಕೆಳಗಿಳಿದಾವು. ಎಂಟೂ ನಾಲ್ಕೂ ಹನ್ನೆರಡು. ಆದರೆ ಇವತ್ತು ಹೇಗೂ ತಿಂಗಳ ತೂಕದ ದಿನವಾದ್ದರಿಂದ, ನಿನ್ನೆ ಸಂಜೆ ಟೀಚರೇ ತಮ್ಮ ಬಾಯಾರೆ ತಾಯಂದಿರಿಗೆಲ್ಲ "ನಾಳೆ ತೂಕ" ಎಂದು ಸಾರಿ ಕಳಿಸಿದ್ದರು. ತೂಕದ ದಿನವೆಂದರೆ ಆ ಬೀದಿಯ ತಾಯಂದಿರಿಗೆ ಪರೀಕ್ಷೆಯ ಫಲಿತಾಂಶದ ದಿನ. ಮಗು ಕೆಂಪು ಗೆರೆಯ ಕೆಳಗಿದೆ ಎಂದರೆ ನಲ್ಲಿಯ ಬಳಿ ಒಂದು ವಾರ ತಲೆಯೆತ್ತುವಂತಿಲ್ಲ.

ಮೊದಲು ಬಂದದ್ದು ದರ್ಜಿಯ ಹೆಂಡತಿ. ಅವಳ ಮಗ ಸೆಕೆಗಾಲದಲ್ಲಿ ಎರಡು ಸ್ವೆಟರು ತೊಟ್ಟು, ಒಂದು ಪಕ್ಕಕ್ಕೆ ವಾಲಿಕೊಂಡು ನಡೆಯುತ್ತಿದ್ದ.

"ಇವನ್ಯಾಕೆ ಸೊಟ್ಟ ನಡೀತಿದಾನೆ?" ಎಂದು ಟೀಚರ್ ಅವನ ಜೇಬಿಗೆ ಕೈ ಹಾಕಿದರು. ಒಂದು ಬೀಗ ಹೊರಗೆ ಬಂತು. ಅಂಗಡಿಯ ಬಾಗಿಲಿಗೆ ಹಾಕುವ, ಮುಷ್ಟಿಗಾತ್ರದ ಬೀಗ.

"ಆಟ ಆಡ್ತಾನೆ ಅದ್ರಲ್ಲಿ" ಎಂದಳು ದರ್ಜಿಯ ಹೆಂಡತಿ, ಮುಖದಲ್ಲಿ ಗೆರೆಯೂ ಅಲ್ಲಾಡದಂತೆ.

ಟೀಚರ್ ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. ಅದೇ ಅವರು ಮಾಡಿದ ತಪ್ಪು. "ಅಕ್ಕಾ, ಇವತ್ತೊಂದಿನ ನಿಮ್ಮ ಮಗ ಸ್ವಲ್ಪ ಸಣ್ಣಗೆ ಕಂಡ್ರೆ ಒಳ್ಳೇದಿತ್ತು."

"ಏನಂದ್ರಿ?"

"ಬರೀ ಅರ್ಧ ಕಿಲೋ. ಮಧ್ಯಾಹ್ನದ ತನಕ ಏನೂ ಕೊಡ್ಬೇಡಿ, ಅಷ್ಟೇ."

"ನಮ್ಮನೇಲಿ ಅನ್ನಕ್ಕೆ ಗತಿಯಿಲ್ಲ ಅಂತ ಬರ್ಕೋಬೇಕಾ ನಿಮಗೆ?" ದರ್ಜಿಯ ಹೆಂಡತಿಯ ದನಿ ಬೀದಿಯ ಆ ತುದಿಗೆ ಮುಟ್ಟಿತು. "ಕೇಳಿದ್ರೇನ್ರೇ! ಮಕ್ಕಳನ್ನ ಉಪವಾಸ ಕೆಡವಿ ಅಂತಿದಾರೆ ಟೀಚರ್!"

ಹತ್ತು ಗಂಟೆಯ ಹೊತ್ತಿಗೆ ಕೇಂದ್ರದ ಅಂಗಳದಲ್ಲಿ ಮಕ್ಕಳಿಗಿಂತ ತಾಯಂದಿರು ಹೆಚ್ಚಾದರು. ಒಬ್ಬಳ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಇನ್ನೊಬ್ಬಳ ಕೈಯಲ್ಲಿ ಹಾಲಿನ ಚೊಂಬು, ಮತ್ತೊಬ್ಬಳದು ಬರೀ ನೀರು. ನೀರಿಗೂ ತೂಕವಿದೆ ಎಂದು ಅವಳ ಅತ್ತೆ ಹೇಳಿ ಕಳಿಸಿದ್ದಳಂತೆ. ಟೀಚರ್ ಉಪಾಯ ಬದಲಿಸಿ, "ಮಕ್ಕಳೇ, ಓಟ! ಅಂಗಳಕ್ಕೆ ಹತ್ತು ಸುತ್ತು!" ಎಂದು ಕೂಗಿದರು. ಮಕ್ಕಳು ಓಡಿದರು. ಮಕ್ಕಳ ಹಿಂದೆ ಹಣ್ಣು ಹಿಡಿದು ತಾಯಂದಿರು ಓಡಿದರು. ಪ್ರತಿ ತಿರುವಿನಲ್ಲೂ ಒಂದೊಂದು ತುತ್ತು ಬಾಯಿಗೆ ಬಿತ್ತು. ಹತ್ತನೆಯ ಸುತ್ತಿಗೆ ಮಕ್ಕಳು ದುಂಡಗೆ, ಖುಷಿಯಾಗಿ ನಿಂತಿದ್ದವು. ಬೆವರಿ ಏದುಸಿರು ಬಿಡುತ್ತಿದ್ದವರು ತಾಯಂದಿರು. ನಡುವೆ ದರ್ಜಿ ಬೇರೆ ಬಂದು, ಬೀಗ ಕಾಣದೆ ಅಂಗಡಿ ಬಿಟ್ಟು ಊಟಕ್ಕೆ ಹೋಗಲಾಗುತ್ತಿಲ್ಲವೆಂದು ಟೀಚರ ಮೇಲೆಯೇ ರೇಗಿ ಹೋದ.

ಎರಡು ಗಂಟೆಗೆ, ಈಗ ಮನೆಗೆ ಹೋಗಿ ಮೂರಕ್ಕೆ ಬನ್ನಿ ಎಂದು ಹೇಗೋ ಎಲ್ಲರನ್ನೂ ಸಾಗಹಾಕಿದ್ದಾಯಿತು. ಮಕ್ಕಳು ಮಾತ್ರ ಒಳಗೆ ಮಲಗಿದ್ದವು. ಟೀಚರ್ ತಲೆಯ ಮೇಲೆ ಕೈಹೊತ್ತು ಕುಳಿತರು.

ಅಡುಗೆಯಕ್ಕ ತೂಗುತಕ್ಕಡಿಯ ಹತ್ತಿರ ಹೋಗಿ ಅದರ ಹಿಂಬದಿಯನ್ನು ಬಗ್ಗಿ ನೋಡಿದಳು. "ಟೀಚರ್, ಮಕ್ಕಳು ಇಳೀದಿದ್ರೆ ಏನಂತೆ, ಮುಳ್ಳು ಇಳೀಬಹುದಲ್ಲ? ಇಲ್ಲೊಂದು ತಿರುಪು ಇದೆ."

"ಅಯ್ಯೋ, ಬೇಡ ಕಣ್ರೀ. ಕೆಲಸ ಹೋಗುತ್ತೆ."

"ಗುಬ್ಬಚ್ಚಿ ಮೊಟ್ಟೆ ಹೋಗುತ್ತೆ."

ಟೀಚರ್ ಕೂತಲ್ಲಿಂದಲೇ ಬೀದಿಯಲ್ಲಿ ಯಾರೂ ಇಲ್ಲವೆಂದು ಇಣುಕಿ ನೋಡಿದರು. ಆಮೇಲೆ ಎದ್ದು ಬಾಗಿಲು ಹಾಕಿಕೊಂಡು ಬಂದರು.

ತಿರುಪು ತಿರುಗಿಸಿ, ಮಕ್ಕಳನ್ನೆಲ್ಲ ಎಬ್ಬಿಸಿ ತೂಗಿ ನೋಡಿದರು. ಮೊದಲ ಸುತ್ತಿಗೆ ತಿರುಪು ಜಾಸ್ತಿಯಾಯಿತು. ಇಪ್ಪತ್ತಾರು ಮಕ್ಕಳು ಸಣಕಲಾದವು. ಹೊಟ್ಟೆ ಅಂಗಿಯಿಂದ ಹೊರಗೆ ಇಣುಕುವ ಗುಂಡನೂ ಅದರಲ್ಲಿ ಸೇರಿದ. "ಇವನನ್ನ ಸಣಕಲ ಅಂದ್ರೆ ಸಾಹೇಬರಿರಲಿ, ಅವರ ಜೀಪೂ ನಗುತ್ತೆ" ಎಂದರು ಟೀಚರ್. ಅಡುಗೆಯಕ್ಕ ಉಪ್ಪು ಹದ ನೋಡುವವಳ ಹಾಗೆ ಒಂದು ಕಣ್ಣು ಮುಚ್ಚಿ, ತಿರುಪನ್ನು ಚೂರುಚೂರೇ ಹಿಂದಕ್ಕೆ ತಿರುಗಿಸಿದಳು. ನಾಲ್ಕನೆಯ ಸಲಕ್ಕೆ ಸರಿಯಾಗಿ ಹನ್ನೆರಡು ಬಂತು.

ಮೂರು ಗಂಟೆಗೆ ಸಾಹೇಬರು ಬಂದರು. ಜೊತೆಗೆ ಎದೆಗೊಂದು ಕಂಪ್ಯೂಟರು ಅಪ್ಪಿಕೊಂಡ ಕನ್ನಡಕದ ಯುವಕನೊಬ್ಬ. ಮೊಟ್ಟೆಯಿಂದ ಏನಾಯಿತು, ಏನಾಗಲಿಲ್ಲ ಎಂದು ಲೆಕ್ಕ ಹಾಕಲು ದೂರದಿಂದ ಕರೆಸಿದ ಅರ್ಥಶಾಸ್ತ್ರಜ್ಞನಂತೆ. ಮಕ್ಕಳು ಒಂದೊಂದಾಗಿ ತಕ್ಕಡಿಯ ಜೋಲಿಯಲ್ಲಿ ಕೂತು ಇಳಿದವು. ಮೂವತ್ತಾರು ಮಕ್ಕಳು, ಹನ್ನೆರಡು ಸಣಕಲು. ಕಿಟಕಿಯ ಸರಳು ಹಿಡಿದು ನಿಂತಿದ್ದ ದರ್ಜಿಯ ಹೆಂಡತಿ ಸಣಕಲರ ಪಟ್ಟಿಯಲ್ಲಿ ಮಗನ ಹೆಸರು ಕೇಳಿ ಹಲ್ಲು ಕಡಿದಳು. ಟೀಚರಿಗೆ ಮಾತ್ರ ಬೆಳಗಿನಿಂದ ಮೊದಲ ಸಲ ಉಸಿರು ನೆಟ್ಟಗೆ ಬಂತು.

"ಮೊಟ್ಟೆ ಶುರು ಮಾಡೋ ಮುಂಚೆ ಎಷ್ಟಿತ್ತು?" ಎಂದು ಕನ್ನಡಕದವನು ಕೇಳಿದ.

"ಹನ್ನೆರಡು" ಎಂದರು ಟೀಚರ್ ಹೆಮ್ಮೆಯಿಂದ.

"ಈಗ?"

"ಹನ್ನೆರಡು."

ಅವನು ಕೀಲಿಮಣೆ ಕುಟ್ಟಿದ. "ವ್ಯತ್ಯಾಸ ಸೊನ್ನೆ. ಸಾರ್, ಒಂದು ವರ್ಷ ಮೊಟ್ಟೆ ಕೊಟ್ರೂ ಪರಿಣಾಮ ಇಲ್ಲ. ನಿಲ್ಲಿಸಬಹುದು."

ಟೀಚರ್ ಎರಡು ಹೆಜ್ಜೆ ಮುಂದೆ ಬಂದರು. "ಇಲ್ಲ ಸಾರ್! ಆಗಿನ ಹನ್ನೆರಡೇ ಬೇರೆ, ಈಗಿನ ಹನ್ನೆರಡೇ ಬೇರೆ! ಆಗಿನವರಲ್ಲಿ ಎಂಟು ಮಕ್ಕಳು ಚೇತರಿಸಿಕೊಂಡಿವೆ!"

"ಅಂದ್ರೆ ಹೊಸದಾಗಿ ಎಂಟು ಸೊರಗಿವೆ?" ಕನ್ನಡಕದವನ ಮುಖ ಅರಳಿತು. "ಚೆನ್ನಾಗಿದ್ದೋರು ಮೊಟ್ಟೆ ತಿಂದು ಸೊರಗಿದ್ರಾ? ಸಾರ್, ಇದನ್ನ ಬೇರೇನೇ ಬರೀಬೇಕು."

ಟೀಚರ್ ಸಾಹೇಬರ ಕಡೆ ತಿರುಗಿ ಕೈ ಮುಗಿದರು. "ಸಾರ್, ಹನ್ನೆರಡಕ್ಕಿಂತ ಕಮ್ಮಿ ಆಗಿದ್ರೆ ಏನ್ಮಾಡ್ತಿದ್ರಿ?"

"ಅಗತ್ಯ ಇಲ್ಲ ಅಂತ ನಿಲ್ಲಿಸ್ತಿದ್ವಿ."

"ಅಷ್ಟೇ ಇದ್ರೆ?"

"ಪ್ರಯೋಜನ ಇಲ್ಲ ಅಂತ ನಿಲ್ಲಿಸ್ತೀವಿ."

"ಜಾಸ್ತಿ ಆಗಿದ್ರೆ?"

"ಜಾಸ್ತಿ ಆಗಿದ್ರೆ ನಿಮ್ಮನ್ನೇ ನಿಲ್ಲಿಸ್ತಿದ್ವಿ ಕಣಮ್ಮಾ" ಎಂದು ಸಾಹೇಬರು ಸಹಿ ಹಾಕಿದರು. "ಬೇಜಾರು ಮಾಡ್ಕೋಬೇಡಿ. ಮೊಟ್ಟೆಯ ಉಳಿತಾಯದಲ್ಲಿ ನಿಮಗೊಂದು ಹೊಸ ತಕ್ಕಡಿ ಮಂಜೂರು ಮಾಡ್ತೀನಿ. ಇದು ತುಂಬಾ ಹಳೇದಾಯ್ತು."

ಜೀಪು ಹೊರಟ ಮೇಲೆ ದರ್ಜಿಯ ಹೆಂಡತಿ ಒಳಗೆ ನುಗ್ಗಿದಳು. "ನನ್ನ ಮಗನ ಮೊಟ್ಟೆ ಯಾರು ತಿಂದ್ರು ಅಂತ ಈಗ ಗೊತ್ತಾಗ್ಬೇಕು!" ಎಂದಳು. ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಸಂಜೆಯಾಯಿತು.

ಹೊಸ ತಕ್ಕಡಿ ಹೇಳಿದ ಹಾಗೆಯೇ ಮುಂದಿನ ತಿಂಗಳು ಬಂತು. ಅದಕ್ಕೆ ಮುಳ್ಳೂ ಇರಲಿಲ್ಲ, ತಿರುಪೂ ಇರಲಿಲ್ಲ. ಕೆಂಪು ಅಂಕಿಗಳಲ್ಲಿ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತಿತ್ತು. ಕನ್ನಡಕದವನೇ ನಿಂತು ಎಲ್ಲ ಮಕ್ಕಳನ್ನೂ ತೂಗಿಸಿದ. ತಿರುಪು ಮುಟ್ಟುವ ಮುಂಚೆ ಟೀಚರ್ ಬರೆದಿಟ್ಟಿದ್ದ ತೂಕಕ್ಕಿಂತ ಗುಬ್ಬಚ್ಚಿ ಇನ್ನೂರು ಗ್ರಾಂ ಇಳಿದಿದ್ದಳು. ಟೀಚರ್ ಅದನ್ನು ಬೆರಳಿಟ್ಟು ತೋರಿಸಿದರು. ಅವನು ಅದನ್ನು ನೋಡಲೇ ಇಲ್ಲ. ಸರಾಸರಿಯನ್ನು ನೋಡಿ ಬಾಯಿ ತೆರೆದು ನಿಂತಿದ್ದ. ಹನ್ನೆರಡಿದ್ದ ಸಣಕಲು ಮಕ್ಕಳು ಒಂದೇ ತಿಂಗಳಲ್ಲಿ ನಾಲ್ಕಕ್ಕೆ ಇಳಿದಿದ್ದವು.

ಟೀಚರ್ ಅವತ್ತೇ ಧೈರ್ಯ ತಂದುಕೊಂಡು ಸಾಹೇಬರಿಗೆ ಫೋನು ಮಾಡಿದರು. "ಸಾರ್, ಒಂದು ವಿಷಯ ಒಪ್ಕೋಬೇಕು. ಆ ಹಳೇ ತಕ್ಕಡಿ ಸರಿಯಾಗಿ ತೂಗ್ತಾ ಇರಲಿಲ್ಲ."

"ಗೊತ್ತಮ್ಮಾ, ಅದಕ್ಕೇ ಅಲ್ವಾ ಹೊಸದು ಕೊಟ್ಟಿದ್ದು? ಥ್ಯಾಂಕ್ಸ್ ಎಲ್ಲಾ ಬೇಡ" ಎಂದು ಅವರು ಇಟ್ಟೇಬಿಟ್ಟರು.

ವಾರದೊಳಗೆ ಇನ್ನೊಂದು ಕಾಗದ ಬಂತು. ಮೊಟ್ಟೆ ನಿಲ್ಲಿಸಿದ ಮೇಲೆ ಈ ಕೇಂದ್ರದ ಮಕ್ಕಳ ತೂಕದಲ್ಲಿ ಆದ ಅಭೂತಪೂರ್ವ ಪ್ರಗತಿಯನ್ನು ಪರಿಗಣಿಸಿ, ಉಳಿದ ನಲವತ್ತು ಕೇಂದ್ರಗಳಲ್ಲೂ ಮೊಟ್ಟೆಯನ್ನು ಕೂಡಲೇ ನಿಲ್ಲಿಸಲಾಗಿದೆ. ಸೋಮವಾರ ಆ ನಲವತ್ತು ಕೇಂದ್ರಗಳ ಶಿಕ್ಷಕಿಯರನ್ನುದ್ದೇಶಿಸಿ ತಾವು ಒಂದು ಗಂಟೆ ಉಪನ್ಯಾಸ ನೀಡತಕ್ಕದ್ದು. ವಿಷಯ: ಮೊಟ್ಟೆಯಿಲ್ಲದೆ ಮಕ್ಕಳ ತೂಕ ಹೆಚ್ಚಿಸುವ ಬಗೆ. ಊಟದ ವ್ಯವಸ್ಥೆ ಇರುವುದಿಲ್ಲ.