ಕರೆಂಟ್ ಇರುವಷ್ಟು ಹೊತ್ತಿನ ದೆವ್ವಗಳು

ನಮ್ಮ ಚಿಕ್ಕಮ್ಮನಷ್ಟು ದೆವ್ವಗಳನ್ನು ತಯಾರು ಮಾಡಿದವರು ಇಡೀ ದೊಡ್ಡಬಳ್ಳಾಪುರದಲ್ಲಿ ಇನ್ನೊಬ್ಬರಿಲ್ಲ. ಗಾಬರಿಯಾಗಬೇಡಿ, ಮಾಟ ಮಂತ್ರ ಏನೂ ಇಲ್ಲ! ಬಸ್ ಸ್ಟ್ಯಾಂಡಿನ ಹತ್ತಿರ ರೇಷ್ಮೆ ನೂಲಿನ ಅಂಗಡಿಯ ಮಹಡಿ ಮೇಲೆ ಅವಳು ಕಂಪ್ಯೂಟರ್ ಕಲಿಸುತ್ತಿದ್ದಳು. ತೊಂಬತ್ತರ ದಶಕದ ಮೊದಲ ವರ್ಷಗಳು. ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು, ದೇವರ ಮನೆಗೆ ಹೋದ ಹಾಗೆ ಹೋಗಬೇಕಾಗಿದ್ದ ಕಾಲ. ಬಂದವರೆಲ್ಲ ಏನೋ ಒಂದಿಷ್ಟು ಕಲಿತು ಕೆಲಸ ಹಿಡಿಯೋಣ ಎಂದು ಬಂದರೆ, ಇವಳು ಎಲ್ಲಕ್ಕಿಂತ ಮೊದಲು ಕಲಿಸುತ್ತಿದ್ದುದು ದೆವ್ವದ ಆಟ ಬರೆಯುವುದನ್ನು!

ಆಟ ಎಂದರೆ ಚಿತ್ರವಿಲ್ಲ, ಸದ್ದಿಲ್ಲ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳಷ್ಟೇ. 'ಹಾಳು ಬಾವಿಯ ಹತ್ತಿರ ಯಾರೋ ಅಳುತ್ತಿದ್ದಾರೆ. ಹೋಗಿ ನೋಡುವುದಾದರೆ ಒಂದು ಒತ್ತಿ, ಓಡಿಹೋಗುವುದಾದರೆ ಎರಡು ಒತ್ತಿ.' ನಾವು ಒತ್ತಿದ ಹಾಗೆ ಕಥೆ ತಿರುಗುತ್ತಿತ್ತು. ಯಂತ್ರಕ್ಕೆ ಕನ್ನಡ ಬಾರದ್ದರಿಂದ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಿತ್ತು. ಪರದೇಶದಲ್ಲಿ ಹ್ಯಾಲೋವೀನ್ ಎಂಬ ದೆವ್ವಗಳ ಹಬ್ಬವಿದೆ, ಅವತ್ತು ಮಕ್ಕಳು ದೆವ್ವದ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ ಎಂದು ಅವಳು ಯಾವುದೋ ಹಳೆಯ ಪತ್ರಿಕೆಯಲ್ಲಿ ಓದಿದ್ದಳು. "ನಮ್ಮ ಹಿರಿಯರ ಹಬ್ಬಾನೂ ಅದೇ ಅಲ್ವಾ? ನಮ್ಮೋರು ವೇಷ ಗೀಷ ಅಂತ ಕೂರಲ್ಲ, ಸೀದಾ ಊಟಕ್ಕೇ ಬರ್ತಾರೆ" ಎಂದವಳೇ ಪ್ರತಿ ಮಹಾಲಯ ಅಮಾವಾಸ್ಯೆಗೂ ದೆವ್ವದಾಟದ ಸ್ಪರ್ಧೆ ಶುರು ಮಾಡಿಬಿಟ್ಟಳು.

ಸ್ಪರ್ಧೆಗೆ ಇದ್ದದ್ದು ಒಂದೇ ನಿಯಮ. ಕರೆಂಟ್ ಬಂದಾಗ ಶುರು, ಹೋದಾಗ ಮುಗಿಯಿತು. ಗಡಿಯಾರ ಯಾರಿಗೆ ಬೇಕು? ಹಿಂದಿನ ಬೀದಿಯ ತುಂಬ ವಿದ್ಯುತ್ ಮಗ್ಗಗಳು. ಅವು ಲಟಪಟ ಎನ್ನುವಷ್ಟು ಹೊತ್ತು ಹುಡುಗರೂ ಲಟಪಟ ಕೀಲಿ ಕುಟ್ಟುತ್ತಿದ್ದರು. ಮಗ್ಗ ನಿಂತಿತೋ, ಬರೆದದ್ದನ್ನು ಫ್ಲಾಪಿ ಡಿಸ್ಕಿಗೆ ತುಂಬಿಕೊಳ್ಳದವರ ದೆವ್ವ ಅಲ್ಲೇ ಸತ್ತುಹೋಗುತ್ತಿತ್ತು. ದೆವ್ವ ಎರಡನೇ ಸಲ ಸಾಯುವುದನ್ನು ನೀವು ಬೇರೆ ಎಲ್ಲಾದರೂ ನೋಡಿದ್ದೀರಾ? ಒಮ್ಮೆ ಒಬ್ಬ ಬರೀ ಬಾಗಿಲು ಬಡಿಯುವ ಸದ್ದಿನ ತನಕ ಬರೆದು ತುಂಬಿಕೊಂಡಿದ್ದ, ಅಷ್ಟರಲ್ಲಿ ಕರೆಂಟ್ ಹೋಯಿತು. ಅವನಿಗೇ ಮೊದಲ ಬಹುಮಾನ! ದೆವ್ವಕ್ಕಿಂತ ದೆವ್ವ ಬರುವುದನ್ನು ಕಾಯುವುದೇ ಹೆಚ್ಚು ಭಯ ಎಂಬುದು ಚಿಕ್ಕಮ್ಮನ ತೀರ್ಪು. ಬಹುಮಾನ ಎಂದರೆ ಅಜ್ಜಿ ಹಬ್ಬಕ್ಕೆ ಮಾಡಿದ ಕಜ್ಜಾಯ.

ಆ ಹಬ್ಬ ಬೇಡವಾಗಿದ್ದದ್ದು ನನಗೊಬ್ಬಳಿಗೇ. ಅಮ್ಮ ತೀರಿಕೊಂಡ ಮೇಲೆ ನಾನು ಅಜ್ಜಿ ಮತ್ತು ಚಿಕ್ಕಮ್ಮನ ಜೊತೆ ಇದ್ದೆ. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದಾಗ ನಾನು ಸ್ಕೂಲಿನಲ್ಲಿದ್ದೆ. ಆಮೇಲೆ ಅವಳು ಮಾತಾಡಲೇ ಇಲ್ಲ. ಅಮಾವಾಸ್ಯೆಯ ದಿನ ಅವಳ ಫೋಟೋದ ಮುಂದೆ ಸೀರೆ ಇಟ್ಟು ಎಡೆ ಬಡಿಸಿದರೆ ನಾನು ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಹೋಗಿ ಕೈ ಮುಗಿದರೆ ಅವಳು ಸತ್ತಿದ್ದಾಳೆಂದು ಒಪ್ಪಿಕೊಂಡ ಹಾಗೆ ಎಂಬುದು ನನ್ನ ಹಟ. ಅಜ್ಜಿ ಅಳುತ್ತಿದ್ದರು. ಚಿಕ್ಕಮ್ಮ ಮಾತ್ರ ಬುದ್ಧಿ ಹೇಳಲು ಹೋಗದೆ ನನ್ನನ್ನೂ ಕಂಪ್ಯೂಟರ್ ಸೆಂಟರಿಗೆ ಎಳೆದುಕೊಂಡು ಹೋಗುತ್ತಿದ್ದಳು.

ಒಂದು ವರ್ಷ ಅಜ್ಜಿಯೇ ಕಜ್ಜಾಯದ ಡಬ್ಬಿ ಹಿಡಿದು ಮಹಡಿ ಹತ್ತಿ ಬಂದರು. ಹುಡುಗರು ಬಲವಂತ ಮಾಡಿ ಕುರ್ಚಿಯಲ್ಲಿ ಕೂರಿಸಿದರು. ಪರದೆಯ ಮೇಲೆ ಚಿಕ್ಕಮ್ಮನ ಆಟ. ಬಾಗಿಲಲ್ಲಿ ಕೂದಲು ಕೆದರಿಕೊಂಡು ಮೋಹಿನಿ ನಿಂತಿದ್ದಾಳೆ. ಒಳಗೆ ಕರೆದರೆ ಒಂದು, ಬಾಗಿಲು ಹಾಕಿಕೊಂಡರೆ ಎರಡು.

"ಊಟ ಆಯ್ತಾ ಅಂತ ಕೇಳು" ಎಂದರು ಅಜ್ಜಿ.

"ಅದಿಲ್ಲ ಕಣಮ್ಮ. ಎರಡೇ ಇರೋದು."

"ಮನೆ ಬಾಗ್ಲಿಗೆ ಬಂದೋರ್ನ ಊಟ ಕೇಳ್ದೆ ಕಳ್ಸೋ ಆಟ ನಂಗ್ ಬೇಡ."

ಚಿಕ್ಕಮ್ಮ ಸೋತಳು. ಕರೆಂಟ್ ಹೋಗುವುದರೊಳಗೆ ಮುಗಿಸಬೇಕೆಂದು ಗಡಿಬಿಡಿಯಲ್ಲಿ ಮೂರನೆಯದೊಂದನ್ನು ಸೇರಿಸಿದಳು. ಮೂರು ಒತ್ತಿದರೆ ಬಡಿಸಿದಂತೆ. ಆದರೆ ಉಂಡ ಮೋಹಿನಿ ಎದ್ದು ಹೋಗುವುದನ್ನು ಬರೆಯಲು ಮರೆತೇಬಿಟ್ಟಳು! ಅಜ್ಜಿ ಒತ್ತಿದಂತೆಲ್ಲ ಮೋಹಿನಿ 'ಇನ್ನೂ ಸ್ವಲ್ಪ ಹಾಕಿ' ಎನ್ನುತ್ತಲೇ ಇದ್ದಳು. ಹೆದರಬೇಕಾದವರು ಬೇಸರವಿಲ್ಲದೆ ಬಡಿಸುತ್ತಲೇ ಇದ್ದರು. ಕೊನೆಗೆ ಕರೆಂಟೇ ಹೋಗಿ ಪಂಕ್ತಿ ಏಳಿಸಿತು. ಪಾಪ, ಎಷ್ಟು ದಿನದಿಂದ ಹಸಿದಿದ್ದಳೋ ಎಂದು ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹುಡುಗರು ನಕ್ಕರು, ನಾನೂ ನಕ್ಕೆ. ಮನೆಗೆ ಹೋದ ಮೇಲೆ ಎಡೆಯ ಕೋಣೆಗೆ ಮಾತ್ರ ಹೋಗಲಿಲ್ಲ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗಿನ ಅಮಾವಾಸ್ಯೆ. ಸ್ಪರ್ಧೆ ಮುಗಿದು ಎಲ್ಲರೂ ಹೊರಟರು. ಮತ್ತೆ ಕರೆಂಟ್ ಬಂದಾಗ ಚಿಕ್ಕಮ್ಮ ಒಂದಿಷ್ಟು ಹೊತ್ತು ಏನೋ ಕುಟ್ಟಿ, ಫ್ಲಾಪಿಗೆ ತುಂಬಿ, ನನ್ನನ್ನು ಕರೆದಳು.

"ಇದು ನಿಂಗೆ ಕಣೇ. ಬೇಗ ಆಡು, ಯಾವಾಗ ಹೋಗುತ್ತೋ ಗೊತ್ತಿಲ್ಲ."

ಪರದೆಯ ಮೇಲೆ ಇದ್ದದ್ದು ಇಷ್ಟೇ: 'ಬಾಗಿಲಲ್ಲಿ ಅಮ್ಮ ನಿಂತಿದ್ದಾಳೆ. ಏನು ಹೇಳುತ್ತೀಯ?'

ಒಂದು ಇಲ್ಲ, ಎರಡಿಲ್ಲ. ಮಿಣುಕುವ ಗೆರೆಯೊಂದು ನಾನು ಬರೆಯುವುದನ್ನು ಕಾಯುತ್ತಿತ್ತು. ಚಿಕ್ಕಮ್ಮ ಕಿಟಕಿಯ ಹತ್ತಿರ ಹೋಗಿ ನನಗೆ ಬೆನ್ನು ಹಾಕಿ ನಿಂತಳು. ನನಗೆ ಕೋಪ ಬಂತು. ಆ ಕೋಪವನ್ನೇ ಬರೆದೆ. ನಾನು ಬರುವ ತನಕ ಯಾಕೆ ಕಾಯಲಿಲ್ಲ ಎಂದು ಕೇಳಿದೆ. ಬರೆದು ಒತ್ತಿದರೆ ಪರದೆ 'ಹೂಂ, ಆಮೇಲೆ?' ಎಂದಿತು. ನಿನ್ನ ಸ್ವೆಟರ್ ನನಗೀಗ ಸರಿಹೋಗುತ್ತದೆ ಎಂದು ಬರೆದೆ. 'ಹೂಂ, ಆಮೇಲೆ?' ಏನು ಬರೆದರೂ ಅದೊಂದೇ ಮಾತು. ನನಗೂ ಅಷ್ಟೇ ಬೇಕಾಗಿತ್ತು. ಕಣ್ಣು ಮಂಜಾಗಿ ಅಕ್ಷರ ಕಾಣದಿದ್ದರೂ ಬರೆಯುತ್ತಲೇ ಹೋದೆ.

ಮಗ್ಗಗಳು ನಿಂತವು, ಪರದೆ ಕಪ್ಪಾಯಿತು. ಆಟ ಫ್ಲಾಪಿಯಲ್ಲಿತ್ತು. ನಾನು ಬರೆದದ್ದು ಎಲ್ಲೂ ಉಳಿಯಲಿಲ್ಲ. ಏನು ಬರೆದೆ ಎಂದು ಚಿಕ್ಕಮ್ಮ ಅವತ್ತು ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ಅದಕ್ಕಾಗಿ ಅವಳಿಗೆ ಎಷ್ಟು ಕೈ ಮುಗಿದರೂ ಸಾಲದು. ಮುಖ ಒರೆಸಿಕೊಂಡು, ಮನೆಗೆ ಹೋಗಿ ಎಡೆಗೆ ನಾನೇ ಬಡಿಸುತ್ತೇನೆ ಎಂದೆ. ಅವಳು ತಲೆಯಾಡಿಸಿದಳು.

ಮೆಟ್ಟಿಲು ಇಳಿಯುತ್ತಿದ್ದಂತೆ ಮಗ್ಗಗಳು ಮತ್ತೆ ಶುರುವಾದವು. ಚಿಕ್ಕಮ್ಮ ಅಲ್ಲೇ ನಿಂತುಬಿಟ್ಟಳು.

"ನೀನು ಹೋಗಿರು. ನಾನೂ ಒಂದ್ಸಲ ಆಡಿ ಬರ್ತೀನಿ" ಎಂದು ಮತ್ತೆ ಮೇಲೆ ಹತ್ತಿ, ಚಪ್ಪಲಿ ಬಿಟ್ಟು ಒಳಗೆ ಹೋದಳು. ಸತ್ತವಳು ಅವಳಿಗೆ ಅಕ್ಕ ಎಂಬುದು ಆಗಲೇ ನನ್ನ ತಲೆಗೆ ಹೋದದ್ದು.