ಹುಣಸೆಮರ ಬಿಟ್ಟು ಬರೀರಿ

ಜಮೀನು ಕೈ ಬದಲಾಗುವ ಕಡೆ ಕುಳಿತವನು ನಗುವುದಕ್ಕೆ ನಾಟಕಕ್ಕೆ ಹೋಗಬೇಕಾಗಿಲ್ಲ. ತರ್ಕಶಾಸ್ತ್ರದಲ್ಲಿ ಬಿ.ಎ. ಮಾಡಿದ ನಾನು ಐವತ್ತರ ದಶಕದಲ್ಲಿ ಶಿಡ್ಲಘಟ್ಟದ ರಿಜಿಸ್ಟರ್ ಆಫೀಸಿನ ಎದುರು ಕ್ರಯಪತ್ರ ಬರೆಯುತ್ತಿದ್ದೆ. ತರ್ಕ ಅಲ್ಲಿ ಯಾರಿಗೂ ಬೇಕಿರಲಿಲ್ಲ.

ಚೆಕ್ಕುಬಂದಿ

ಜಮೀನಿನ ನಾಲ್ಕು ದಿಕ್ಕಿಗೆ ಏನಿದೆ ಎಂದು ಬರೆಯುವುದೇ ಚೆಕ್ಕುಬಂದಿ. ಜಂಗಮಕೋಟೆ ಕಡೆಯ ಹೆಂಗಸೊಬ್ಬರು, ಮದುವೆಯಲ್ಲಿ ಅಪ್ಪ ಅರಿಶಿನ ಕುಂಕುಮಕ್ಕೆಂದು ಕೊಟ್ಟ ಹೊಲ ಮಾರಲು ಬಂದಿದ್ದರು. ಗಂಡ ಗೌರಿಬಿದನೂರಿನಲ್ಲಿ ಮೇಷ್ಟ್ರು. ಅಷ್ಟು ದೂರದಿಂದ ಬೇಸಾಯ ಆಗದು.

"ಪೂರ್ವಕ್ಕೆ ಏನಿದೆ?"

"ನಮ್ಮಪ್ಪ ಕೂತು ಎಲೆಅಡಿಕೆ ಹಾಕ್ಕೊಳ್ತಿದ್ದ ಬಂಡೆ."

"ಪಶ್ಚಿಮಕ್ಕೆ?"

"ನಾನೂ ನಮ್ಮಣ್ಣನೂ ಮಾತು ಬಿಟ್ಟ ಬದು."

ಉತ್ತರಕ್ಕೆ ಅವರು ಈಜು ಕಲಿತ ಕಾಲುವೆ, ದಕ್ಷಿಣಕ್ಕೆ ಮದುವೆಯ ಗಾಡಿ ಹೊರಟ ದಾರಿ. ನಾನು ಬಂಡೆ, ಅಣ್ಣನ ಜಮೀನು, ಕಾಲುವೆ, ಗಾಡಿದಾರಿ ಎಂದು ಬರೆದು ಓದಿದೆ.

ಆಕೆ ಕೇಳಿಸಿಕೊಂಡು, "ಇದು ಯಾರ ಹೊಲಾನೋ ಕಣ್ರೀ. ನಮ್ದು ಬರೀರಿ," ಎಂದರು.

ಅಷ್ಟಭೋಗ

ನೆಲದ ಜೊತೆಗೆ ಅದರಲ್ಲಿರುವುದೆಲ್ಲ ಕೊಂಡವನದು. ಅದಕ್ಕೆ ಅಷ್ಟಭೋಗ ಎಂದು ಹೆಸರು. ಓದತೊಡಗಿದೆ: "ನಿಧಿ, ನಿಕ್ಷೇಪ..."

"ನಿಧಿ ಇದ್ದಿದ್ರೆ ನಾನ್ಯಾಕೆ ಮಾರ್ತಿದ್ದೆ?"

"ವಾಡಿಕೆ ಕಣಮ್ಮ. ಜಲ, ತರು..."

"ತರು ಅಂದ್ರೆ?"

"ಮರ."

ಆಕೆಯ ಮುಖ ಬದಲಾಯಿತು. ಹೊಲದಲ್ಲಿದ್ದುದು ಒಂದೇ ಹುಣಸೆಮರ, ಅಪ್ಪ ನೆಟ್ಟದ್ದು. "ಅದನ್ನ ಬಿಟ್ಟು ಬರೀರಿ. ಅದೂ ಹೋದ್ರೆ ನಾನು ಊರಿಗೆ ಯಾವ ನೆಪದಲ್ಲಿ ಬರ್ಲಿ?"

ಆಗುವುದಿಲ್ಲ, ಎಂಟು ಭೋಗವೂ ಬರಬೇಕು ಎಂದೆ. ಆಕೆ ಪೂರ್ತಿ ಓದಿಸಿ ಬೆರಳು ಮಡಿಚಿದರು. "ಒಂಬತ್ತಾಯ್ತು. ಮರ ತೆಗೀರಿ, ಎಂಟಕ್ಕೆ ಸರಿಹೋಗುತ್ತೆ."

ಎಷ್ಟೋ ವರ್ಷದಿಂದ ಬರೆಯುತ್ತಿದ್ದೆ, ಎಣಿಸಿರಲಿಲ್ಲ.

ಕೊಳ್ಳಲು ಬಂದಿದ್ದ ರೇಷ್ಮೆ ವ್ಯಾಪಾರದ ಸಾಹೇಬರು ನಡುವೆ ಬಂದರು. "ಬರೆಯೋದ್ಯಾಕೆ ಅಕ್ಕಾ? ವರ್ಷ ವರ್ಷ ಬಂದು ಹಣ್ಣು ಉದುರಿಸ್ಕೊಳ್ಳಿ."

ಬರೆಯದ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ ಎಂದು ಸಾಹೇಬರ ಕಿವಿಯಲ್ಲಿ ಹೇಳಿದೆ.

"ನೀವು ಬರೆದಿದ್ದೆಲ್ಲ ನಿಂತಿದೆಯಾ ಸ್ವಾಮಿ?" ಎಂದರು.

ಋಣಭಾರ

ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಸಾಹೇಬರೇ ಆ ಹೊಲ ಮಾರಲು ಬಂದರು. ಚಿಂತಾಮಣಿಯಲ್ಲಿ ಮಗನ ಅಂಗಡಿಗೆ ಹೋಗಿ ಕೂರಬೇಕಿತ್ತಂತೆ. ಕೊಳ್ಳುವವರು ಚಿಕ್ಕಬಳ್ಳಾಪುರದ ಗುಮಾಸ್ತರು. ಜಮೀನಿನ ಮೇಲೆ ಅಡಮಾನವೋ ಬೇರೆಯವರ ಹಕ್ಕೋ ಇದೆಯೇ ಎಂದು ಹೇಳುವ ಕಾಗದಕ್ಕೆ ಋಣಭಾರ ಪತ್ರ ಎನ್ನುತ್ತಾರೆ. ತೆಗೆಸಿ ನೋಡಿದೆ. "ಏನೂ ಇಲ್ಲ," ಎಂದೆ.

"ಒಂದಿದೆ," ಎಂದರು ಸಾಹೇಬರು.

ಗುಮಾಸ್ತರು ಪೆನ್ನಿನ ಕ್ಯಾಪು ಮುಚ್ಚಿದರು.

"ಶಿವರಾತ್ರಿ ಕಳೀತಿದ್ದ ಹಾಗೆ ಗೌರಿಬಿದನೂರಿಂದ ಒಬ್ಬರು ಅಕ್ಕ ಬರ್ತಾರೆ. ಬಂಡೆ ಮೇಲೆ ಕೂತು ಆಳಿನ ಕೈಲಿ ಹುಣಸೆಹಣ್ಣು ಉದುರಿಸ್ತಾರೆ. ಅರ್ಧ ನಮಗೇ ಕೊಡ್ತಾರೆ. ಹೊಲ ಹಾಳು ಮಾಡಿದೀಯಾ ಅಂತ ಬೈದು ಸಾಯಂಕಾಲದ ಬಸ್ಸಿಗೆ ಹೋಗ್ತಾರೆ. ಒಪ್ಪಿಗೆ ಇದ್ರೆ ಕೊಂಡ್ಕೊಳ್ಳಿ."

ಗುಮಾಸ್ತರು ಯೋಚಿಸಿದರು. "ಹಣ್ಣು ತಗೊಂಡು ಹೋಗ್ಲಿ ಬಿಡಿ. ನನಗೂ ಬೈತಾರಾ?"

"ನಿಮಗ್ಯಾಕೆ ಬೈತಾರೆ? ನಿಮಗೆ ಮಾರಿದ್ದಕ್ಕೆ ನನ್ನನ್ನೇ ಬೈತಾರೆ," ಎಂದ ಸಾಹೇಬರು ರುಜು ಹಾಕಿ, ಪೆನ್ನು ಕೆಳಗಿಟ್ಟು ಹೇಳಿದರು: "ಅದನ್ನ ಕೇಳಿಸ್ಕೊಳ್ಳೋಕೆ ವರ್ಷಕ್ಕೊಂದ್ಸಲ ನಾನೂ ಬರ್ತೀನಿ."